ಸಮುದ್ರದ ಫೈಟೊಪ್ಲಾಂಕ್ಟನ್ ಸೂಸುವ ಕೆಂಪು ಬೆಳಕು: ಉಪಗ್ರಹಕ್ಕೆ ಎಷ್ಟು ಕಾಣುತ್ತದೆ ಎಂದು ಲೆಕ್ಕ ಹಾಕುವುದು ಹೇಗೆ

ಹಗಲು ಹೊತ್ತು ಸಮುದ್ರದ ಮೇಲ್ಪದರದಿಂದ ಒಂದು ಮಂದ ಕೆಂಪು ಬೆಳಕು ಹೊರಬರುತ್ತಲೇ ಇರುತ್ತದೆ. ಬಿಸಿಲಿನ ಎದುರು ಅದು ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು, ಅಂದರೆ ಫೈಟೊಪ್ಲಾಂಕ್ಟನ್, ಬಿಸಿಲನ್ನು ಹೀರಿಕೊಂಡು ಅದರಲ್ಲಿ ಒಂದು ಚೂರನ್ನು 685 ನ್ಯಾನೊಮೀಟರ್ ಆಸುಪಾಸಿನ ಕೆಂಪು ಬೆಳಕಾಗಿ ವಾಪಸ್ ಬಿಡುತ್ತವೆ. ಇದಕ್ಕೆ ಪ್ರತಿದೀಪ್ತಿ ಅಥವಾ ಫ್ಲೋರೆಸೆನ್ಸ್ ಎನ್ನುತ್ತಾರೆ. 1970ರ ದಶಕದಲ್ಲೇ ಕೆನಡಾದ ಜಿಮ್ ಗೋವರ್ ಮತ್ತು ಸಂಗಡಿಗರು ಇದನ್ನು ವಿಮಾನದಿಂದ ಅಳೆದು ತೋರಿಸಿದ್ದರು. ಈಗ ಉಪಗ್ರಹಗಳು ದಿನವೂ ಅಳೆಯುತ್ತವೆ.

ಈ ಬೆಳಕನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕುವುದು ಹೇಗೆ ಎಂದು ಇಲ್ಲಿ ಹೇಳಿದ್ದೇನೆ. ಪಿಯು ಮಟ್ಟದ ಗಣಿತ ಸಾಕು. ಮೊದಲ ಸುತ್ತಿಗೆ ಕ್ಯಾಲ್ಕುಲೇಟರ್ ಸಾಕು, ಎರಡನೆಯದಕ್ಕೆ ಎಕ್ಸೆಲ್ ಅಥವಾ ಪೈಥಾನ್ ಬೇಕಾಗುತ್ತದೆ. ತುಂಬಾ ಜನ ನೇರವಾಗಿ ಉಪಗ್ರಹದ ಚಿತ್ರ ಇಳಿಸಿಕೊಂಡು, ಕೆಂಪು ಕಂಡಲ್ಲೆಲ್ಲ ಕ್ಲೋರೋಫಿಲ್ ಜಾಸ್ತಿ ಎಂದು ಬರೆದುಬಿಡುತ್ತಾರೆ. ಹಾಗಲ್ಲ. ಆ ಒಂದು ಸಂಖ್ಯೆಯಲ್ಲಿ ಮೂರು ಸಂಗತಿಗಳು ಗುಣಿಸಿಕೊಂಡು ಕೂತಿರುತ್ತವೆ: ಎಷ್ಟು ಬಿಸಿಲು ಬಿತ್ತು, ಅದರಲ್ಲಿ ಎಷ್ಟನ್ನು ಕೋಶಗಳು ಹೀರಿದವು, ಹೀರಿದ್ದರಲ್ಲಿ ಎಷ್ಟನ್ನು ವಾಪಸ್ ಬಿಟ್ಟವು. ಈ ಮೂರನ್ನು ಬೇರೆ ಬೇರೆ ಇಟ್ಟುಕೊಂಡರೆ ಮಾತ್ರ ಮಾಡೆಲ್ ಉಪಯೋಗಕ್ಕೆ ಬರುತ್ತದೆ.

ಶುರುಮಾಡುವ ಮೊದಲು: ಯಾವ ಬೆಳಕು?

ಉಡುಪಿ, ಕಾರವಾರದ ಕಡೆಯವರು ಕೆಲವು ರಾತ್ರಿ ಅಲೆಗಳು ನೀಲಿಯಾಗಿ ಹೊಳೆಯುವುದನ್ನು ನೋಡಿರುತ್ತೀರಿ. ಅದು ನಾಕ್ಟಿಲೂಕಾದಂಥ ಸೂಕ್ಷ್ಮಜೀವಿಗಳು ರಾಸಾಯನಿಕ ಕ್ರಿಯೆಯಿಂದ ತಾವೇ ಹುಟ್ಟಿಸುವ ಬೆಳಕು. ಅದಕ್ಕೆ ಬಿಸಿಲು ಬೇಡ, ಅಲೆ ಅಲುಗಾಡಿದರೆ ಸಾಕು. ನಮ್ಮ ವಿಷಯ ಅದಲ್ಲ. ಉಪಗ್ರಹಕ್ಕೆ ರಾತ್ರಿ ಕಾಣುವಷ್ಟು ದೊಡ್ಡ ಹೊಳಪು ಅಪರೂಪ. 2019ರಲ್ಲಿ ಜಾವಾದ ದಕ್ಷಿಣಕ್ಕೆ ಒಂದು ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕ ಸಮುದ್ರ ಹಾಲಿನಂತೆ ಬೆಳಗಿದ್ದು ಉಪಗ್ರಹದಲ್ಲಿ ಸಿಕ್ಕಿತ್ತು. ಆದರೆ ಅಂಥ ಬೆಳಕು ಬ್ಯಾಕ್ಟೀರಿಯಾದ್ದು ಎಂದೇ ವಿಜ್ಞಾನಿಗಳ ಎಣಿಕೆ.

ಇನ್ನೊಂದು ಸ್ವಾರಸ್ಯ ಇದೆ. ಚಳಿಗಾಲದಲ್ಲಿ ಅರಬ್ಬಿ ಸಮುದ್ರದಲ್ಲಿ ಹಬ್ಬುವ ಹಸಿರು ನಾಕ್ಟಿಲೂಕಾದ ಹೊಟ್ಟೆಯೊಳಗೆ ಇನ್ನೊಂದು ಹಸಿರು ಪಾಚಿ ವಾಸ ಮಾಡುತ್ತದೆ. ಹಾಗಾಗಿ ಅದು ಹಗಲು ಕೆಂಪು ಫ್ಲೋರೆಸೆನ್ಸ್ ಕೊಡುತ್ತದೆ. ಕೆಂಪು ನಾಕ್ಟಿಲೂಕಾಗೆ ಆ ಬಾಡಿಗೆದಾರ ಇಲ್ಲ. ನೀರು ಎಷ್ಟೇ ಕೆಂಪಾಗಿ ಕಂಡರೂ ಅದರ ಸ್ವಂತ ಕ್ಲೋರೋಫಿಲ್ ಬೆಳಕು ಇರುವುದಿಲ್ಲ, ಅದು ತಿಂದದ್ದರದ್ದು ಮಾತ್ರ ಸ್ವಲ್ಪ ಇರಬಹುದು.

ಹಂತ 1: ಒಂದು ಜಾಗ, ಒಂದು ಹೊತ್ತು ಆರಿಸಿಕೊಳ್ಳಿ

ಇಡೀ ಸಮುದ್ರಕ್ಕೆ ಒಟ್ಟಿಗೆ ಮಾಡೆಲ್ ಮಾಡಲು ಹೋಗಬೇಡಿ. ಒಂದೇ ಒಂದು ಬಿಂದು ಸಾಕು. ನಾವು ಕಾರವಾರದ ಆಚೆ, ಕಾಳಿ ನದಿಯ ಮಣ್ಣು ಮುಟ್ಟದಷ್ಟು ದೂರದ ನೀರು ತಗೊಳ್ಳೋಣ. ಅಕ್ಟೋಬರ್ ತಿಂಗಳು, ಮಧ್ಯಾಹ್ನ ಒಂದೂವರೆ, ಮೋಡ ಇಲ್ಲ. ಸೂರ್ಯ ನೆತ್ತಿಯಿಂದ ಸುಮಾರು 30 ಡಿಗ್ರಿ ಕೆಳಗಿರುತ್ತಾನೆ. ಘನ ಮೀಟರ್ ನೀರಿಗೆ 1 ಮಿಲಿಗ್ರಾಂ ಕ್ಲೋರೋಫಿಲ್ ಇದೆ ಎಂದು ಇಟ್ಟುಕೊಳ್ಳೋಣ. ಲೆಕ್ಕಕ್ಕೆ ಸುಲಭ, ಕರಾವಳಿಯ ಆಚೆಗಿನ ಫಲವತ್ತಾದ ನೀರಿಗೆ ಒಪ್ಪುವ ಪ್ರಮಾಣವೂ ಹೌದು.

ಒಂದೂವರೆ ಗಂಟೆಯನ್ನು ಸುಮ್ನೆ ಆರಿಸಿದ್ದಲ್ಲ. 2002ರಲ್ಲಿ ಹಾರಿದ ಆಕ್ವಾ ಉಪಗ್ರಹ ಬಹುಕಾಲ ಸುಮಾರು ಅದೇ ಹೊತ್ತಿಗೆ ತಲೆಯ ಮೇಲೆ ಹಾದುಹೋಗುತ್ತಿತ್ತು. ಅದರಲ್ಲಿರುವ ಮೋಡಿಸ್ ಉಪಕರಣದ ದಾಖಲೆ ನಮಗೆ ಬೇಕಾಗುತ್ತದೆ.

ಹಂತ 2: ನೀರೊಳಗಿನ ಬಿಸಿಲು

ದ್ಯುತಿಸಂಶ್ಲೇಷಣೆಗೆ ಉಪಯೋಗವಾಗುವ ಬೆಳಕು 400ರಿಂದ 700 ನ್ಯಾನೊಮೀಟರ್ ನಡುವಿನದು. ಅದನ್ನು ಪಾರ್ ಎನ್ನುತ್ತಾರೆ. ಇದನ್ನು ವ್ಯಾಟ್‌ನಲ್ಲಿ ಅಳೆಯದೆ ಫೋಟಾನ್‌ಗಳ ಎಣಿಕೆಯಲ್ಲೇ ಇಟ್ಟುಕೊಳ್ಳಿ. ಫ್ಲೋರೆಸೆನ್ಸ್ ಎನ್ನುವುದು ಫೋಟಾನ್ ಕೊಟ್ಟು ಫೋಟಾನ್ ತೆಗೆದುಕೊಳ್ಳುವ ವ್ಯವಹಾರ. ನೀಲಿ ಫೋಟಾನ್ ಹೀರಿದರೂ ಹೊರಬರುವುದು ಒಂದು ಕೆಂಪು ಫೋಟಾನ್. ನಡುವಿನ ಶಕ್ತಿ ಶಾಖವಾಗಿ ಹೋಗುತ್ತದೆ. ವ್ಯಾಟ್‌ನಲ್ಲಿ ಲೆಕ್ಕ ಹಾಕುವವರು ಪ್ರತಿ ತರಂಗಾಂತರಕ್ಕೂ ಹೀರಿದ ತರಂಗಾಂತರವನ್ನು ಸೂಸುವ ತರಂಗಾಂತರದಿಂದ ಭಾಗಿಸಿ ಗುಣಿಸಬೇಕು. ಇದನ್ನು ಮರೆತರೆ ನೀಲಿ ಬೆಳಕಿನ ಪಾಲು ಒಂದೂವರೆ ಪಟ್ಟು ಉಬ್ಬುತ್ತದೆ.

ನಮ್ಮ ಬಿಂದುವಿಗೆ ಮೇಲ್ಮೈಯ ಕೆಳಗೆ ಸೆಕೆಂಡಿಗೆ ಚದರ ಮೀಟರಿಗೆ 1800 ಮೈಕ್ರೊಮೋಲ್ ಫೋಟಾನ್ ಎಂದು ಇಟ್ಟುಕೊಳ್ಳೋಣ. ಇಲ್ಲಿ ಬೇಕಾದದ್ದು ಎಲ್ಲ ದಿಕ್ಕಿನಿಂದಲೂ ಬಂದು ಕೋಶಕ್ಕೆ ತಾಗುವ ಒಟ್ಟು ಬೆಳಕು. ಮೇಲಿನಿಂದ ಕೆಳಗೆ ಇಳಿಯುವುದಷ್ಟೇ ಅಲ್ಲ.

ಹಂತ 3: ಕೋಶಗಳು ಎಷ್ಟು ಹೀರುತ್ತವೆ

ಫ್ರಾನ್ಸಿನ ಆನಿಕ್ ಬ್ರಿಕೋ ಮತ್ತು ಸಂಗಡಿಗರು 1995ರಲ್ಲಿ ಕೊಟ್ಟ ಸೂತ್ರ ಈಗಲೂ ಚಾಲ್ತಿಯಲ್ಲಿದೆ. 440 ನ್ಯಾನೊಮೀಟರಿನಲ್ಲಿ ಅದು ಹೀಗಿದೆ:

ಹೀರಿಕೆ = 0.0403 × ಕ್ಲೋರೋಫಿಲ್‌ನ 0.668ನೇ ಘಾತ

ಕ್ಲೋರೋಫಿಲ್ 1 ಆದರೆ ಮೀಟರಿಗೆ 0.0403. ಕ್ಲೋರೋಫಿಲ್ ಎರಡು ಪಟ್ಟಾದರೆ ಹೀರಿಕೆ ಎರಡು ಪಟ್ಟಾಗುವುದಿಲ್ಲ, 1.59 ಪಟ್ಟು ಅಷ್ಟೇ. ಯಾಕೆಂದರೆ ಫಲವತ್ತಾದ ನೀರಿನಲ್ಲಿ ಕೋಶಗಳು ದಪ್ಪ ಇರುತ್ತವೆ, ಒಳಗಿನ ಬಣ್ಣ ಒಂದರ ಹಿಂದೆ ಒಂದು ಅಡಗಿಕೊಳ್ಳುತ್ತದೆ. ಕೆಂಪು ಬೆಳಕು ಕ್ಲೋರೋಫಿಲ್ ಜೊತೆ ಸಮಸಮವಾಗಿ ಏರುತ್ತದೆ ಎಂಬ ನಂಬಿಕೆಗೆ ಮೊದಲ ಪೆಟ್ಟು ಬೀಳುವುದು ಇಲ್ಲೇ.

440ರಲ್ಲಿ ಹೀರಿಕೆಯ ದೊಡ್ಡ ಗುಡ್ಡ, 675ರಲ್ಲಿ ಚಿಕ್ಕ ಗುಡ್ಡ, ನಡುವೆ ಹಸಿರಿನಲ್ಲಿ ತಗ್ಗು. ಸರಿಯಾಗಿ ಮಾಡುವುದಾದರೆ 400ರಿಂದ 690ರವರೆಗೆ 5 ನ್ಯಾನೊಮೀಟರ್ ಹೆಜ್ಜೆಯಲ್ಲಿ ಬೆಳಕು × ಹೀರಿಕೆ ಕೂಡಿಸುತ್ತಾ ಹೋಗಬೇಕು. ಮೊದಲ ಸುತ್ತಿಗೆ ಇಡೀ ಪಾರ್‌ಗೆ ಸರಾಸರಿ 0.017 ಹಿಡಿಯೋಣ.

1800 × 0.017 = 30.6 ಮೈಕ್ರೊಮೋಲ್, ಪ್ರತಿ ಘನ ಮೀಟರಿಗೆ, ಪ್ರತಿ ಸೆಕೆಂಡಿಗೆ.

ಹಂತ 4: ಇಳುವರಿ

ಹೀರಿದ ಫೋಟಾನ್‌ಗೆ ಮೂರು ದಾರಿ. ದ್ಯುತಿಸಂಶ್ಲೇಷಣೆಗೆ ಹೋಗಬಹುದು, ಶಾಖವಾಗಬಹುದು, ಕೆಂಪು ಬೆಳಕಾಗಿ ಹೊರಬೀಳಬಹುದು. 2016ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ತಂಡ ಜಗತ್ತಿನ ಸಾಗರಗಳಲ್ಲಿ ಅಳೆದು ನೋಡಿತು. ಸರಾಸರಿಯಾಗಿ ಶೇ. 60ರಷ್ಟು ಶಾಖಕ್ಕೆ, ಶೇ. 35ರಷ್ಟು ದ್ಯುತಿಸಂಶ್ಲೇಷಣೆಗೆ, ಉಳಿದ ಅಲ್ಪ ಪಾಲು ಫ್ಲೋರೆಸೆನ್ಸ್‌ಗೆ ಎಂದು ಕಂಡಿತು.

ಮಾಡೆಲ್‌ಗೆ ಹಾಕುವ ಇಳುವರಿ, ಅಂದರೆ ಹೀರಿದ್ದರಲ್ಲಿ ಕೆಂಪು ಬೆಳಕಾಗಿ ಹೊರಬರುವ ಪಾಲು, ಅದಕ್ಕಿಂತಲೂ ಕಡಿಮೆ. ಕಾರಣ ಇದೆ. ಕೋಶದ ಎಲ್ಲ ಬಣ್ಣಗಳೂ ಫ್ಲೋರೆಸೆನ್ಸ್‌ಗೆ ಶಕ್ತಿ ಕೊಡುವುದಿಲ್ಲ. ಬಿಸಿಲಿನಿಂದ ಕಾಪಾಡುವ ಕ್ಯಾರೊಟಿನಾಯ್ಡ್‌ಗಳು ಹೀರಿದ್ದು ಶಾಖವಾಗಿ ಹೋಗುತ್ತದೆ. ದ್ಯುತಿಸಂಶ್ಲೇಷಣೆ ನಡೆಸುವ ಎರಡು ವ್ಯವಸ್ಥೆಗಳಲ್ಲಿ ಫೋಟೊಸಿಸ್ಟಮ್-1 ಎಂಬುದರ ಕ್ಲೋರೋಫಿಲ್ ಸಾಮಾನ್ಯ ಉಷ್ಣತೆಯಲ್ಲಿ ಹೆಚ್ಚುಕಡಿಮೆ ಬೆಳಗುವುದೇ ಇಲ್ಲ. ಹುಟ್ಟಿದ ಕೆಂಪು ಬೆಳಕಿನಲ್ಲೂ ಒಂದಿಷ್ಟನ್ನು ಅದೇ ಕೋಶ ಮತ್ತೆ ನುಂಗುತ್ತದೆ. ಇಷ್ಟನ್ನೂ ಕಳೆದು ಉಳಿಯುವುದು ಶೇ. 1ರ ಆಸುಪಾಸು. ನೀರೊಳಗಿನ ಬೆಳಕಿನ ಲೆಕ್ಕ ಹಾಕುವ, ಕರ್ಟಿಸ್ ಮೋಬ್ಲಿ ಅವರ ಹೈಡ್ರೋಲೈಟ್ ಸಾಫ್ಟ್‌ವೇರ್‌ನಲ್ಲಿ ಮೊದಲೇ ಕೂರಿಸಿರುವ ಬೆಲೆ 0.02. ನಾನು ಮಧ್ಯಾಹ್ನದ ಬಿಸಿಲಿಗೆ 0.01 ಇಟ್ಟುಕೊಳ್ಳುತ್ತೇನೆ.

30.6 × 0.01 = 0.306 ಮೈಕ್ರೊಮೋಲ್.

ಹಂತ 5: ಫೋಟಾನ್‌ನಿಂದ ವ್ಯಾಟ್‌ಗೆ, ವ್ಯಾಟ್‌ನಿಂದ ವರ್ಣಪಟಲಕ್ಕೆ

685 ನ್ಯಾನೊಮೀಟರಿನ ಒಂದು ಮೈಕ್ರೊಮೋಲ್ ಫೋಟಾನ್‌ನಲ್ಲಿ 0.1746 ಜೂಲ್ ಶಕ್ತಿ ಇರುತ್ತದೆ.

0.306 × 0.1746 = 0.0534 ವ್ಯಾಟ್, ಘನ ಮೀಟರಿಗೆ.

ಇದು ಒಂದೇ ತರಂಗಾಂತರದಲ್ಲಿ ಬರುವುದಿಲ್ಲ, 685ರ ಎರಡೂ ಬದಿಗೆ ಹರಡಿಕೊಂಡಿರುತ್ತದೆ. ರೂಢಿಯಲ್ಲಿ ಗಂಟೆಯಾಕಾರದ ಗಾಸಿಯನ್ ರೇಖೆ ಬಳಸುತ್ತಾರೆ: ನಡುಬಿಂದು 685, ಸ್ಟ್ಯಾಂಡರ್ಡ್ ಡೀವಿಯೇಶನ್ 10.6. ಅರ್ಧ ಎತ್ತರದಲ್ಲಿ ಇದರ ಅಗಲ 25 ನ್ಯಾನೊಮೀಟರ್. ತುದಿಯಲ್ಲಿ ಪ್ರತಿ ನ್ಯಾನೊಮೀಟರಿಗೆ 0.0376 ಪಾಲು ಸಿಗುತ್ತದೆ. ನಿಜವಾದ ರೇಖೆಗೆ 730ರ ಆಚೀಚೆ ಒಂದು ಚಿಕ್ಕ ಭುಜವೂ ಇದೆ. ಈಗ ಅದನ್ನು ಬಿಡೋಣ.

0.0534 × 0.0376 = 0.00201

ಕೋಶ ಎಲ್ಲ ದಿಕ್ಕಿಗೂ ಸಮನಾಗಿ ಸೂಸುತ್ತದೆ. ಹಾಗಾಗಿ 4 ಪೈ, ಅಂದರೆ 12.57ರಿಂದ ಭಾಗಿಸಿ. ಸಿಗುವುದು 0.00016.

ಹಂತ 6: ನೀರಿನಿಂದ ಹೊರಗೆ

ಕೆಂಪು ಬೆಳಕನ್ನು ನೀರೇ ನುಂಗುತ್ತದೆ. 443 ನ್ಯಾನೊಮೀಟರಿನ ನೀಲಿಗೆ ಶುದ್ಧ ನೀರಿನ ಹೀರಿಕೆ ಮೀಟರಿಗೆ 0.007. 685ಕ್ಕೆ 0.49, ಅಂದರೆ 70 ಪಟ್ಟು. ಕೆಳಗೆ ಹುಟ್ಟಿದ ಕೆಂಪು ಬೆಳಕು ಮೇಲೆ ಬರುವಷ್ಟರಲ್ಲಿ ಮುಗಿದುಹೋಗಿರುತ್ತದೆ.

ಆಳಕ್ಕೆ ಹೋದಂತೆ ಎರಡು ನಷ್ಟ. ಇಳಿಯುವ ಬಿಸಿಲು ಕ್ಷೀಣಿಸುತ್ತದೆ, ನಮ್ಮ ನೀರಿಗೆ ಮೀಟರಿಗೆ ಸುಮಾರು 0.15. ಏರುವ ಕೆಂಪು ಕ್ಷೀಣಿಸುತ್ತದೆ, ಕೋಶಗಳ ಹೀರಿಕೆಯೂ ಸೇರಿ ಸುಮಾರು 0.50. ಎರಡೂ ಘಾತೀಯವಾಗಿ ಇಳಿಯುವುದರಿಂದ ಮೇಲಿನಿಂದ ತಳದವರೆಗೆ ಕೂಡಿಸಿದರೆ ಉತ್ತರ ಸರಳ: ಮೇಲ್ಮೈಯ ಬೆಲೆಯನ್ನು ಎರಡರ ಮೊತ್ತದಿಂದ ಭಾಗಿಸಿದರೆ ಆಯಿತು.

0.00016 ÷ 0.65 = 0.000246

ಈ 0.65ರ ತಲೆಕೆಳಗು 1.5. ಅಂದರೆ ಉಪಗ್ರಹ ನೋಡುವುದು ಮೇಲಿನ ಒಂದೂವರೆ, ಎರಡು ಮೀಟರ್ ನೀರನ್ನು ಮಾತ್ರ. ಅರಬ್ಬಿ ಸಮುದ್ರ ಶಾಂತವಾಗಿ ಪದರ ಪದರವಾಗಿರುವ ತಿಂಗಳುಗಳಲ್ಲಿ ಕ್ಲೋರೋಫಿಲ್ ಹಲವು ಹತ್ತು ಮೀಟರ್ ಕೆಳಗೆ ಗಟ್ಟಿಯಾಗಿ ಕೂತಿರುತ್ತದೆ. ಅದರ ಒಂದು ಫೋಟಾನ್ ಕೂಡ ಈ ವಿಧಾನಕ್ಕೆ ಸಿಗುವುದಿಲ್ಲ.

ನೀರಿನಿಂದ ಗಾಳಿಗೆ ದಾಟುವಾಗ ವಕ್ರೀಭವನದಿಂದ ಕಿರಣಗಳು ಹರಡಿಕೊಳ್ಳುತ್ತವೆ, ಸ್ವಲ್ಪ ಪ್ರತಿಫಲಿಸಿ ವಾಪಸ್ ಹೋಗುತ್ತದೆ. ಎರಡಕ್ಕೂ ಸೇರಿ 0.54ರಿಂದ ಗುಣಿಸಿ: 0.000133 ವ್ಯಾಟ್, ಚದರ ಮೀಟರಿಗೆ, ನ್ಯಾನೊಮೀಟರಿಗೆ, ಸ್ಟೆರೇಡಿಯನ್‌ಗೆ (ಇದು ಘನಕೋನದ ಅಳತೆ). ನಾಸಾದ ಕಡತಗಳಲ್ಲಿ ಇರುವುದು ಬೇರೆ ಘಟಕ: ಮಿಲಿವ್ಯಾಟ್, ಚದರ ಸೆಂಟಿಮೀಟರಿಗೆ, ಮೈಕ್ರೊಮೀಟರಿಗೆ, ಸ್ಟೆರೇಡಿಯನ್‌ಗೆ. ಅದಕ್ಕೆ ಬದಲಾಯಿಸಲು 100ರಿಂದ ಗುಣಿಸಿದರೆ ಸಾಕು. ಸಿಗುವುದು 0.0133. ಇನ್ನು ಮುಂದೆ ಇದನ್ನೇ 'ಉಪಗ್ರಹ ಘಟಕ' ಎನ್ನುತ್ತೇನೆ.

ಹಂತ 7: ಉಪಗ್ರಹದ ಕಣ್ಣಿನಲ್ಲಿ

ಈಗ ಬರುವುದು ಇಡೀ ಲೆಕ್ಕದ ನಾಜೂಕಾದ ಭಾಗ. ಉಪಗ್ರಹಕ್ಕೆ ಫ್ಲೋರೆಸೆನ್ಸ್ ಒಂದೇ ಕಾಣುವುದಿಲ್ಲ. ನೀರಿನಿಂದ ಚದುರಿ ಬಂದ ಸಾಮಾನ್ಯ ಬಿಸಿಲೂ ಜೊತೆಗಿರುತ್ತದೆ. ನೀರಿನ ಅಣುಗಳೇ ಹುಟ್ಟಿಸುವ ರಾಮನ್ ಚದುರಿಕೆಯೂ ಇರುತ್ತದೆ. ಸುಮಾರು 555 ನ್ಯಾನೊಮೀಟರಿನ ಹಸಿರು ಬೆಳಕು ನೀರಿನಲ್ಲಿ ಬಣ್ಣ ಬದಲಿಸಿ 685ಕ್ಕೆ ಬಂದು ಬೀಳುತ್ತದೆ. ನಮ್ಮ ಸರ್ ಸಿ.ವಿ. ರಾಮನ್ ಅವರ ಪರಿಣಾಮವೇ ಇದು.

ಇವನ್ನೆಲ್ಲ ತೆಗೆಯುವ ಉಪಾಯಕ್ಕೆ ಎಫ್‌ಎಲ್‌ಎಚ್ ಎಂದು ಹೆಸರು, ಅಂದರೆ ಫ್ಲೋರೆಸೆನ್ಸ್ ಗೆರೆಯ ಎತ್ತರ. ಗುಡ್ಡದ ಎರಡೂ ಬದಿಯ ತರಂಗಾಂತರಗಳ ನಡುವೆ ಒಂದು ನೇರ ಗೆರೆ, ಅಂದರೆ ಬೇಸ್‌ಲೈನ್, ಎಳೆಯುತ್ತೇವೆ. ಗುಡ್ಡ ಆ ಗೆರೆಯಿಂದ ಎಷ್ಟು ಮೇಲಿದೆ ಎಂದು ನೋಡುತ್ತೇವೆ. ಅಂಗಡಿಯವನು ಎಣ್ಣೆ ತೂಗುವ ಮೊದಲು ಖಾಲಿ ಡಬ್ಬದ ತೂಕ ಕಳೆಯುವ ಹಾಗೆ. ಮೋಡಿಸ್‌ಗೆ ಸೂತ್ರ ಇದು:

ಎಫ್‌ಎಲ್‌ಎಚ್ = 678ರ ಬೆಳಕು − (0.864 × 667ರ ಬೆಳಕು + 0.136 × 748ರ ಬೆಳಕು)

0.864 ಎಲ್ಲಿಂದ ಬಂತು? 748ರಿಂದ 678 ಕಳೆದರೆ 70. 748ರಿಂದ 667 ಕಳೆದರೆ 81. 70ನ್ನು 81ರಿಂದ ಭಾಗಿಸಿ. ಉಳಿದದ್ದು 0.136.

ಗುಡ್ಡದ ತುದಿ 685ರಲ್ಲಿದ್ದರೆ ಮೋಡಿಸ್ ಯಾಕೆ 678 ನೋಡುತ್ತದೆ? 687ರ ಹತ್ತಿರ ವಾತಾವರಣದ ಆಮ್ಲಜನಕದ ಹೀರಿಕೆಯ ಪಟ್ಟೆ ಶುರುವಾಗುತ್ತದೆ. ಅದನ್ನು ತಪ್ಪಿಸಲು ಬ್ಯಾಂಡನ್ನು, ಅಂದರೆ ಉಪಕರಣ ಅಳೆಯುವ ತರಂಗಾಂತರದ ಪಟ್ಟಿಯನ್ನು, ಎಡಕ್ಕೆ ಸರಿಸಿದರು. ಅದಕ್ಕೆ ದಂಡ ಕಟ್ಟಬೇಕಾಯಿತು. ಎಷ್ಟು ಎಂದು ಗಾಸಿಯನ್ ರೇಖೆಯಲ್ಲೇ ನೋಡಿ. 678ರಲ್ಲಿ ಸಿಗುವುದು ತುದಿಯ 0.804 ಪಾಲು. 667ರಲ್ಲೂ 0.236 ಪಾಲು ಫ್ಲೋರೆಸೆನ್ಸ್ ಇದೆ, ಅದನ್ನು ನಾವು ತಿಳಿಯದೆ ಬೇಸ್‌ಲೈನ್ ಜೊತೆ ಕಳೆದುಬಿಡುತ್ತೇವೆ. 0.804ರಿಂದ 0.864 × 0.236 ಕಳೆದರೆ ಉಳಿಯುವುದು 0.60. ಐದರಲ್ಲಿ ಎರಡು ಪಾಲು ಹೋಯಿತು!

0.0133 × 0.60 = 0.008 ಉಪಗ್ರಹ ಘಟಕ.

ಬೇರೆ ಉಪಕರಣಕ್ಕೆ ಈ 0.60 ಬದಲಾಗುತ್ತದೆ. 2016 ಮತ್ತು 2018ರಲ್ಲಿ ಹಾರಿದ ಯುರೋಪಿನ ಸೆಂಟಿನೆಲ್-3 ಉಪಗ್ರಹ ಜೋಡಿಯ ಓಎಲ್‌ಸಿಐ ಉಪಕರಣಕ್ಕೆ 665, 681.25, 708.75 ಹಾಕಿ ಲೆಕ್ಕ ಮಾಡಿದರೆ 0.80 ಬರುತ್ತದೆ. ನಮ್ಮ ಇಸ್ರೋ 2022ರ ನವೆಂಬರ್ 26ರಂದು ಹಾರಿಸಿದ ಇಒಎಸ್-06 ಉಪಗ್ರಹದಲ್ಲಿರುವ ಓಸಿಎಂ-3 ಉಪಕರಣಕ್ಕೆ 670, 681, 710 ಹಿಡಿದರೆ ಸುಮಾರು 0.65. ಹಿಂದಿನ ಓಸಿಎಂ-2ರಲ್ಲಿ ಈ ಬ್ಯಾಂಡ್ ಇರಲೇ ಇಲ್ಲ. ಹಾಗಾಗಿ ಎರಡು ಉಪಗ್ರಹಗಳ ಎಫ್‌ಎಲ್‌ಎಚ್ ಬೆಲೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ತಪ್ಪು. ಮೊದಲು ಎರಡನ್ನೂ ತಮ್ಮ ತಮ್ಮ ಪಾಲಿನಿಂದ (0.60, 0.80 ಇತ್ಯಾದಿ) ಭಾಗಿಸಿ ತುದಿಯ ಬೆಲೆಗೆ ಏರಿಸಿಕೊಳ್ಳಿ. 2024ರ ಫೆಬ್ರವರಿಯಲ್ಲಿ ಹಾರಿದ ನಾಸಾದ ಪೇಸ್ ಉಪಗ್ರಹ 5 ನ್ಯಾನೊಮೀಟರ್ ಸೂಕ್ಷ್ಮತೆಯಲ್ಲಿ ಇಡೀ ಪಟಲವನ್ನೇ ಕೊಡುತ್ತದೆ. ಅಲ್ಲಿ ಬ್ಯಾಂಡ್ ಆರಿಸುವ ತಲೆನೋವು ಕಡಿಮೆ.

ಹಂತ 8: ಈ 0.008 ಕಾಣುತ್ತದೆಯೇ?

ಹೆಚ್ಚಿನವರು ಈ ಹಂತ ಹಾರಿಸಿಬಿಡುತ್ತಾರೆ. ದಯವಿಟ್ಟು ಹಾರಿಸಬೇಡಿ.

ಮೋಡಿಸ್‌ನ 678ರ ಬ್ಯಾಂಡಿಗೆ ವಿನ್ಯಾಸದಲ್ಲಿ ಕೊಟ್ಟ ಸಿಗ್ನಲ್-ನಾಯ್ಸ್ ಅನುಪಾತ (ಅಳೆದ ಬೆಳಕು ಉಪಕರಣದ ಅಡ್ಡಾದಿಡ್ಡಿ ಏರಿಳಿತದ ಎಷ್ಟು ಪಟ್ಟು ಎಂಬುದು) 1087, 0.87 ಉಪಗ್ರಹ ಘಟಕದ ಬೆಳಕಿಗೆ. ಅಂದರೆ ನಾಯ್ಸ್ 0.0008. 667ಕ್ಕೆ 0.95 ಬೆಳಕಿಗೆ 910, ನಾಯ್ಸ್ 0.001. 748ಕ್ಕೆ 1.02 ಬೆಳಕಿಗೆ 586. ಇವನ್ನು ಎಫ್‌ಎಲ್‌ಎಚ್ ಸೂತ್ರದ ತೂಕಗಳೊಂದಿಗೆ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 0.0012 ಬರುತ್ತದೆ. ನಮ್ಮ ಸಿಗ್ನಲ್ 0.008, ಅದರ ಆರೇಳು ಪಟ್ಟು. ಪರವಾಗಿಲ್ಲ.

ಈಗ ಕ್ಲೋರೋಫಿಲ್ಲನ್ನು 0.1ಕ್ಕೆ ಇಳಿಸಿ ನೋಡಿ. ಹೀರಿಕೆ 0.215 ಪಟ್ಟಿಗೆ ಇಳಿಯುತ್ತದೆ, ಸಿಗ್ನಲ್ ಸುಮಾರು 0.002. ನಾಯ್ಸ್‌ಗೆ ಹತ್ತಿರ ಬಂದುಬಿಟ್ಟಿತು. ಒಂದೇ ಪಿಕ್ಸೆಲ್ ನೋಡಿ ಏನೂ ಹೇಳುವಂತಿಲ್ಲ. 5 × 5 ಪಿಕ್ಸೆಲ್ ಸರಾಸರಿ ತೆಗೆದರೆ ನಾಯ್ಸ್ ಐದನೇ ಒಂದಕ್ಕೆ ಇಳಿಯುತ್ತದೆ. ಆದರೆ ಮೋಡಿಸ್ ಚಿತ್ರದಲ್ಲಿ ಕಾಣುವ ಅಡ್ಡ ಪಟ್ಟೆಗಳು ಸರಾಸರಿಯಿಂದ ಹೋಗುವುದಿಲ್ಲ, ಅವು ಯಾದೃಚ್ಛಿಕವಲ್ಲ. ಮೇಲಾಗಿ ಉಪಗ್ರಹ ನೋಡುವ ಕೆಂಪು ಬೆಳಕಿನಲ್ಲಿ ಶೇ. 90ಕ್ಕೂ ಜಾಸ್ತಿ ವಾತಾವರಣದ್ದೇ ಇರುತ್ತದೆ. ಅದನ್ನು ಕಳೆಯುವಾಗ ಆಗುವ ತಪ್ಪು ಬೇರೆ.

ಹಂತ 9: ಉಪಗ್ರಹದ ಕಡತ ತೆರೆಯುವುದು

ನಾಸಾದ ಓಷನ್ ಕಲರ್ ತಾಣದಿಂದ ಮೋಡಿಸ್-ಆಕ್ವಾದ ಎರಡನೇ ಮಟ್ಟದ ಕಡತ ಇಳಿಸಿಕೊಳ್ಳಿ. ನೋಂದಣಿ ಉಚಿತ. ಓದಲು ಸೀಡಾಸ್ ಇದೆ, ಸೆಂಟಿನೆಲ್‌ಗೆ ಸ್ನ್ಯಾಪ್ ಇದೆ, ಎರಡೂ ಉಚಿತ. ಇಒಎಸ್-06ರ ದತ್ತಾಂಶ ಹೈದರಾಬಾದಿನಲ್ಲಿರುವ ಇಸ್ರೋದ ದೂರಸಂವೇದಿ ಕೇಂದ್ರ ಎನ್‌ಆರ್‌ಎಸ್‌ಸಿಯ ಭೂನಿಧಿ ತಾಣದಲ್ಲಿದೆ. ಮೋಡ, ಸೂರ್ಯನ ನೇರ ಹೊಳಪು, ನೆಲದ ಪಕ್ಕದ ಅಡ್ಡಬೆಳಕು, ವಾತಾವರಣ ತಿದ್ದುಪಡಿ ವಿಫಲ ಎಂದು ಗುರುತು ಬಿದ್ದ ಪಿಕ್ಸೆಲ್‌ಗಳನ್ನೆಲ್ಲ ಬಿಟ್ಟುಬಿಡಿ.

ಕಡತದಲ್ಲಿ ಇರುವುದು ಬರೀ ಎಫ್‌ಎಲ್‌ಎಚ್ ಅಲ್ಲ, ಎನ್‌ಎಫ್‌ಎಲ್‌ಎಚ್. ಸೂರ್ಯ ನೆತ್ತಿಯ ಮೇಲಿದ್ದು ವಾತಾವರಣವೇ ಇಲ್ಲದಿದ್ದರೆ ಎಷ್ಟು ಬರುತ್ತಿತ್ತು ಎಂದು ಸರಿಹೊಂದಿಸಿದ ಬೆಲೆ. ನಮ್ಮ ಬಿಂದುವಿನಲ್ಲಿ ನೀರಿಗೆ ಮುಟ್ಟುವುದು ವಾತಾವರಣದ ಮೇಲಿನ ಸೌರ ಬೆಳಕಿನ ಸುಮಾರು 0.75 ಪಾಲು. ಆದ್ದರಿಂದ 0.008 ÷ 0.75 = 0.011. ಕಡತದ ಬೆಲೆಯನ್ನು ಹೋಲಿಸಬೇಕಾದದ್ದು ಈ 0.011 ಜೊತೆ.

ಹಂತ 10: ಹಿಮ್ಮುಖ ಲೆಕ್ಕ

ಮಾಡೆಲ್‌ನ ನಿಜವಾದ ಉಪಯೋಗ ಈಗ. ಉಪಗ್ರಹದಿಂದ ಬೆಳಕಿನ ಎತ್ತರ ಗೊತ್ತಾಯಿತು, ಬಿಸಿಲು ಗೊತ್ತು, ನೀರಿನಿಂದ ಬರುವ ನೀಲಿ ಮತ್ತು ಹಸಿರು ಬೆಳಕನ್ನು ಹೋಲಿಸುವ ಸೂತ್ರದಿಂದ ಕ್ಲೋರೋಫಿಲ್ ಗೊತ್ತು. ಗೊತ್ತಿಲ್ಲದ್ದು ಇಳುವರಿ ಮಾತ್ರ.

ಪಿಕ್ಸೆಲ್‌ನ ಎನ್‌ಎಫ್‌ಎಲ್‌ಎಚ್ 0.016 ಎಂದುಕೊಳ್ಳಿ. 0.75ರಿಂದ ಗುಣಿಸಿದರೆ 0.012. ನಮ್ಮ ಮಾಡೆಲ್ 0.01 ಇಳುವರಿಗೆ 0.008 ಕೊಟ್ಟಿತ್ತು, ಅಂದರೆ ಒಂದು ಪೂರ್ಣ ಇಳುವರಿಗೆ 0.8. 0.012ನ್ನು 0.8ರಿಂದ ಭಾಗಿಸಿದರೆ 0.015. ಇಳುವರಿ ಶೇ. 1.5.

ಕೋಶಗಳು ಖುಷಿಯಾಗಿವೆಯೋ, ಕಷ್ಟದಲ್ಲಿವೆಯೋ? ಅವಸರ ಬೇಡ. ಮಧ್ಯಾಹ್ನದ ಬಿಸಿಲು ಕೋಶಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಹೆಚ್ಚಾದದ್ದನ್ನು ಅದು ಬೇಕೆಂದೇ ಶಾಖವಾಗಿ ಹೊರಹಾಕುತ್ತದೆ. ಹೀಗಾಗಿ ಬಿಸಿಲು ಏರಿದಂತೆ ಇಳುವರಿ ಇಳಿಯುತ್ತದೆ, ಹೆಚ್ಚುಕಡಿಮೆ ತಲೆಕೆಳಗು ಅನುಪಾತದಲ್ಲಿ. ಎರಡು ದಿನದ ಚಿತ್ರ ತಗೊಳ್ಳಿ. ಒಂದು ದಿನ ಪಾರ್ 1800, ಇಳುವರಿ ಶೇ. 1. ಇನ್ನೊಂದು ದಿನ 1350, ಇಳುವರಿ ಶೇ. 1.33. ಮೇಲ್ನೋಟಕ್ಕೆ ಮೂರನೇ ಒಂದು ಪಾಲು ವ್ಯತ್ಯಾಸ. ಆದರೆ ಎರಡೂ ದಿನ ಬಿಸಿಲು × ಇಳುವರಿ 18ಕ್ಕೇ ಬರುತ್ತದೆ. ಕೋಶದ ಸ್ಥಿತಿಯಲ್ಲಿ ಏನೂ ಬದಲಾಗಿಲ್ಲ, ಬಿಸಿಲಷ್ಟೇ ಬದಲಾಗಿದೆ.

ಒಂಬತ್ತನೇ ಹಂತದ ಸರಿಹೊಂದಿಸುವಿಕೆಯ ತೊಡಕೂ ಇದರಿಂದಲೇ. ಬಿಸಿಲಿನಿಂದ ಭಾಗಿಸಿದರೆ ಬಿಸಿಲಿನ ಪರಿಣಾಮ ಹೋಗುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಚದುರಿದ ಬೆಳಕಿಗೆ ಅದು ಸರಿ. ಫ್ಲೋರೆಸೆನ್ಸ್‌ಗೆ ಮಧ್ಯಾಹ್ನದಲ್ಲಿ ಸರಿಯಿಲ್ಲ. ಬಿಸಿಲು ಎರಡು ಪಟ್ಟಾದರೂ ಹೊರಬರುವ ಕೆಂಪು ಅಷ್ಟೇ ಇದ್ದರೆ, ಭಾಗಿಸಿದ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಇಳುವರಿಯನ್ನು ಆ ಕ್ಷಣದ ಪಾರ್‌ನಿಂದ ಗುಣಿಸಿ, ನೀವೇ ಆರಿಸಿದ ಒಂದು ಪ್ರಮಾಣದ ಪಾರ್‌ನಿಂದ ಭಾಗಿಸಿ ಇಟ್ಟುಕೊಳ್ಳಿ. ಕಡತದಲ್ಲಿ ಐಪಾರ್ ಎಂಬ ಹೆಸರಿನಲ್ಲಿ ಆ ಕ್ಷಣದ ಬಿಸಿಲು ಇರುತ್ತದೆ.

ಇದನ್ನು ಜಗತ್ತಿನಾದ್ಯಂತ ಮಾಡಿ ತೋರಿಸಿದವರು ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಬೆಹ್ರೆನ್‌ಫೆಲ್ಡ್ ಮತ್ತು ಸಂಗಡಿಗರು, 2009ರಲ್ಲಿ. ಬಿಸಿಲಿನ ಪಾಲು ತೆಗೆದ ಮೇಲೂ ಇಳುವರಿ ಎತ್ತರದಲ್ಲೇ ಉಳಿದ ಕಡಲುಗಳಲ್ಲಿ ಒಂದು ಸಾಮ್ಯ ಕಂಡಿತು: ಅಲ್ಲಿ ಕಬ್ಬಿಣದ ಕೊರತೆ ಇತ್ತು. ಕಬ್ಬಿಣ ಸಾಲದಾದಾಗ ಬೆಳಕು ಹಿಡಿಯುವ ಕ್ಲೋರೋಫಿಲ್‌ನ ಒಂದು ಭಾಗಕ್ಕೆ ದ್ಯುತಿಸಂಶ್ಲೇಷಣೆ ನಡೆಯುವ ಕೇಂದ್ರದ ಜೊತೆ ಸಂಪರ್ಕ ಇರುವುದಿಲ್ಲ. ಹಿಡಿದದ್ದನ್ನು ಕೆಂಪಾಗಿ ಬಿಡದೆ ಬೇರೆ ದಾರಿ ಕಡಿಮೆ. ಹಿಂದೂ ಮಹಾಸಾಗರದ ಕೆಲವು ಭಾಗಗಳಲ್ಲಿ ನೈಋತ್ಯ ಮುಂಗಾರಿನ ಹೊತ್ತಿಗೆ ಇಂಥ ಕೊರತೆ ಕಾಣಿಸಿಕೊಳ್ಳುವ ಸೂಚನೆಯೂ ಅದೇ ಅಧ್ಯಯನದಲ್ಲಿ ಸಿಕ್ಕಿತು. ಹಸಿರು ಸಮೃದ್ಧವಾಗಿ ಕಾಣುವ ಕಾಲದಲ್ಲೇ ಹೀಗೆ ಎನ್ನುವುದು ನನಗೆ ಇವತ್ತಿಗೂ ಕುತೂಹಲದ ವಿಷಯ.

ಮಾಡೆಲ್ ಕೈಕೊಡುವ ಜಾಗಗಳು

ಮಣ್ಣು ನೀರು ಮೊದಲನೆಯದು. ಮಳೆಗಾಲ ಮತ್ತು ಅದರ ಬೆನ್ನಿಗೆ ನೇತ್ರಾವತಿ, ಶರಾವತಿ, ಕಾಳಿ ಮುಖಗಳ ಹತ್ತಿರ ಈ ವಿಧಾನ ಬಳಸಬೇಡಿ. ನೀರಿನ ಹೀರಿಕೆ 685ರಿಂದ 748ಕ್ಕೆ ಹೋಗುವಷ್ಟರಲ್ಲಿ ಐದಾರು ಪಟ್ಟು ಏರುತ್ತದೆ, ಅದೂ ನೇರ ಗೆರೆಯಲ್ಲಲ್ಲ. ತಿಳಿನೀರಿನಲ್ಲಿ ಚದುರಿಕೆ ಕಡಿಮೆ ಇರುವುದರಿಂದ ಇದು ಗೊತ್ತಾಗುವುದಿಲ್ಲ. ಮಣ್ಣಿದ್ದರೆ ಆ ಬಾಗು ಎದ್ದು ಕಾಣುತ್ತದೆ, ನೇರ ಬೇಸ್‌ಲೈನ್‌ನ ಮೇಲೆ ಇಲ್ಲದ ಗುಡ್ಡ ಹುಟ್ಟುತ್ತದೆ. ಅದನ್ನು ಪಾಚಿ ಎಂದು ಓದಿದರೆ ಮುಗಿಯಿತು. ಕರಾವಳಿಯಲ್ಲಿ ನೀಲಿ-ಹಸಿರು ಸೂತ್ರದ ಕ್ಲೋರೋಫಿಲ್ಲನ್ನೂ ನಂಬುವಂತಿಲ್ಲ. ಕೊಳೆತ ಎಲೆಗಳಿಂದ ಕರಗಿ ಬಂದ ಕಂದು ಬಣ್ಣವೂ ನೀಲಿಯನ್ನು ನುಂಗಿ ಕ್ಲೋರೋಫಿಲ್ಲನ್ನು ಉಬ್ಬಿಸುತ್ತದೆ, ಆಗ ಇಳುವರಿ ಕುಗ್ಗಿದಂತೆ ಕಾಣುತ್ತದೆ.

ಎರಡನೆಯದು ದಟ್ಟ ಪಾಚಿ. ಕ್ಲೋರೋಫಿಲ್ ಹತ್ತಿಪ್ಪತ್ತು ಮಿಲಿಗ್ರಾಂ ದಾಟಿದ ಮೇಲೆ 675ರ ಹೀರಿಕೆ ತಗ್ಗು ತೋಡುತ್ತದೆ, ಬೆಳಕಿನ ಗುಡ್ಡ 700ರಾಚೆಗೆ ಸರಿಯುತ್ತದೆ. ಓಎಲ್‌ಸಿಐಯ ಎಫ್‌ಎಲ್‌ಎಚ್ ಆಗ ಸೊನ್ನೆಗೂ ಕೆಳಗೆ ಹೋಗುತ್ತದೆ. ಗಾಬರಿಯಾಗಬೇಡಿ, ಅದೇ ಒಂದು ಸುಳಿವು. ದಟ್ಟ ಪಾಚಿಗೆ ಹೊಂದುವ, 681, 709, 753 ಬ್ಯಾಂಡ್‌ಗಳ ಎಂಸಿಐ ಸೂಚಿಗೆ ಬದಲಾಯಿಸಿಕೊಳ್ಳಿ. ಮಧ್ಯಮ ಪ್ರಮಾಣದಲ್ಲಿ ಮಾತ್ರ ಎಫ್‌ಎಲ್‌ಎಚ್‌ಗೆ ಸಾಟಿಯಿಲ್ಲ. ಕಂದು ಬಣ್ಣ ಜಾಸ್ತಿ ಇರುವ ಫ್ಲೋರಿಡಾದ ಪಶ್ಚಿಮ ಕರಾವಳಿಯಲ್ಲಿ ಕರೇನಿಯಾ ಬ್ರೆವಿಸ್ ಎಂಬ ವಿಷಕಾರಿ ಪಾಚಿಯನ್ನು ಪತ್ತೆಹಚ್ಚಲು ನೀಲಿ-ಹಸಿರು ಸೂತ್ರಕ್ಕಿಂತ ಇದೇ ಚೆನ್ನಾಗಿ ನಡೆಯಿತು.

ಹಂತ 11: ನೀರಿಗೆ ಹೋಗಿ ನೋಡುವುದು

ಹಡಗಿಲ್ಲದಿದ್ದರೂ ಪರೀಕ್ಷೆ ಮಾಡಬಹುದು. ಅರಬ್ಬಿ ಸಮುದ್ರದಲ್ಲಿ ತಾವೇ ಮುಳುಗಿ ಏಳುತ್ತಾ ಕ್ಲೋರೋಫಿಲ್ ಅಳೆಯುವ ಬಯೋ-ಆರ್ಗೋ ಎಂಬ ತೇಲು ಉಪಕರಣಗಳು, ಅಂದರೆ ತೇಲುಗಗಳು, ಇವೆ. ಭಾರತದ ಆರ್ಗೋ ಕೆಲಸ ನೋಡಿಕೊಳ್ಳುವುದು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್. ದತ್ತಾಂಶ ಎಲ್ಲರಿಗೂ ಮುಕ್ತ. ಈ ತೇಲುಗಗಳು ತಮ್ಮದೇ ನೀಲಿ ದೀಪ ಹಾಕಿ ಕೆಂಪು ಬೆಳಕು ಅಳೆಯುತ್ತವೆ. ಹಗಲಿನ ಅಳತೆಯಲ್ಲಿ ಮೇಲಿನ ಪದರದ ಫ್ಲೋರೆಸೆನ್ಸ್ ಕುಸಿದಿರುತ್ತದೆ, ರಾತ್ರಿಯದರಲ್ಲಿ ಸರಿಯಾಗಿರುತ್ತದೆ. ನೀರು ಒಂದೇ ಆಗಿದ್ದರೆ ಹಗಲು-ರಾತ್ರಿಯ ಆ ಅಂತರವೇ ಬಿಸಿಲಿಗೆ ಇಳುವರಿ ಎಷ್ಟು ಇಳಿಯುತ್ತದೆ ಎಂಬುದರ ನೇರ ಅಂದಾಜು. ನಿಮ್ಮ ಮಾಡೆಲ್‌ನ ಹತ್ತನೇ ಹಂತಕ್ಕೆ ಅದನ್ನು ಒಗ್ಗಿಸಿ ನೋಡಿ.

ಎರಡನೇ ಸುತ್ತಿನಲ್ಲಿ ಮಾಡಬೇಕಾದ ಸುಧಾರಣೆಗಳಿಗೂ ಒಂದು ಕ್ರಮ ಇದೆ. ಮೊದಲು ಸರಾಸರಿ 0.017ನ್ನು ಬಿಟ್ಟು 5 ನ್ಯಾನೊಮೀಟರ್ ಹೆಜ್ಜೆಯ ಮೊತ್ತಕ್ಕೆ ಹೋಗಿ. ಆಮೇಲೆ ಬಿಸಿಲಿನ ಕ್ಷೀಣಿಸುವಿಕೆಯನ್ನೂ ತರಂಗಾಂತರಕ್ಕೆ ಒಂದರಂತೆ ಇಡಿ, ಏಕೆಂದರೆ ಬಿಸಿಲಿನ ಕೆಂಪು ಮೊದಲ ಮೀಟರ್‌ಗಳಲ್ಲೇ ಮಾಯವಾಗಿ ಆಳದಲ್ಲಿ ನೀಲಿ-ಹಸಿರು ಮಾತ್ರ ಉಳಿಯುತ್ತದೆ. ಬ್ಯಾಂಡಿನ 10 ನ್ಯಾನೊಮೀಟರ್ ಅಗಲದ ಮೇಲೆ ಸರಾಸರಿ ತೆಗೆಯುವುದು ಮೂರನೆಯದು. 730ರ ಭುಜ, ರಾಮನ್ ಚದುರಿಕೆಯ ಪೂರ್ಣ ಲೆಕ್ಕ ಕೊನೆಗೆ. ಪ್ರತಿ ಸುಧಾರಣೆ ಆದ ಮೇಲೂ ಕೈಲೆಕ್ಕದ 0.008ರ ಪಕ್ಕ ಇಟ್ಟು ನೋಡಿ. ಎರಡು ಪಟ್ಟಿಗಿಂತ ದೂರ ಹೋದರೆ ಘಟಕದಲ್ಲಿ ಎಲ್ಲೋ ಎಡವಿದ್ದೀರಿ ಎಂದೇ ಲೆಕ್ಕ, ಹೆಚ್ಚಾಗಿ ಅದು ನ್ಯಾನೊಮೀಟರ್-ಮೈಕ್ರೊಮೀಟರ್ ನಡುವೆ ಇಲ್ಲವೇ 4 ಪೈ ಹತ್ತಿರ ಇರುತ್ತದೆ.

ಫಲಿತಾಂಶ ಉಳಿಸುವಾಗ ಇಳುವರಿಯ ಸಂಖ್ಯೆ ಒಂದನ್ನೇ ಇಡಬೇಡಿ. ಅದರ ಪಕ್ಕದ ಕಾಲಮ್‌ಗಳಲ್ಲಿ ಆ ಕ್ಷಣದ ಪಾರ್, ಕ್ಲೋರೋಫಿಲ್ ಯಾವ ಸೂತ್ರದ್ದು, ಹೀರಿಕೆ ಯಾವ ಸೂತ್ರದ್ದು, ಉಪಕರಣದ ಪಾಲು 0.60ಯೋ 0.80ಯೋ, ಬಿಸಿಲಿನ ತಿದ್ದುಪಡಿ ಆಗಿದೆಯೋ ಇಲ್ಲವೋ ಎಂದು ಬರೆದಿಡಿ. ಬೇರೆಯವರ ಇಳುವರಿ ನಿಮ್ಮದಕ್ಕಿಂತ ಎರಡು ಪಟ್ಟು ಬಂದಾಗ ಮೊದಲು ನೋಡಬೇಕಾದದ್ದು ಈ ಕಾಲಮ್‌ಗಳನ್ನು.